ಮೂರನೇ ಸೆಟ್ಟಿನ ಸಮಸ್ಯೆ: ಸಿಮೋನಾ ಹಾಲೆಪ್ ಪ್ರಕರಣ ಅಧ್ಯಯನ

2014ರಿಂದ 2018ರ ಜನವರಿಯೊಳಗೆ ರೊಮೇನಿಯಾದ ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್ ಮೂರು ಗ್ರ್ಯಾಂಡ್‌ಸ್ಲಾಮ್ ಫೈನಲ್ ಆಡಿದರು. ಮೂರನ್ನೂ ಮೂರನೇ ಸೆಟ್ಟಿನಲ್ಲಿ ಸೋತರು. 2014ರ ಪ್ಯಾರಿಸ್‌ನಲ್ಲಿ (ಫ್ರೆಂಚ್ ಓಪನ್) ಮರಿಯಾ ಶರಪೋವಾ ಎದುರು 4-6, 7-6, 4-6. ಅದೇ ಅಂಕಣದಲ್ಲಿ 2017ರಲ್ಲಿ ಯೆಲೆನಾ ಒಸ್ಟಾಪೆಂಕೊ ಎದುರು 6-4, 4-6, 3-6. 2018ರ ಮೆಲ್ಬರ್ನ್‌ನಲ್ಲಿ (ಆಸ್ಟ್ರೇಲಿಯನ್ ಓಪನ್) ಕ್ಯಾರೋಲಿನ್ ವೋಜ್ನಿಯಾಕಿ ಎದುರು 6-7, 6-3, 4-6. ನಾಲ್ಕನೆಯ ಫೈನಲ್‌ನಲ್ಲೂ ಮೊದಲ ಸೆಟ್ ಹೋಯಿತು, ಎರಡನೆಯದರಲ್ಲಿ 0-2 ಹಿನ್ನಡೆಯಾಯಿತು. ಅದನ್ನು ಗೆದ್ದರು. ಐದನೆಯ ಫೈನಲ್, ವಿಂಬಲ್ಡನ್‌ನಲ್ಲಿ, ಸೆರೆನಾ ವಿಲಿಯಮ್ಸ್ ಎದುರು, 56 ನಿಮಿಷಕ್ಕೆ ಹಾಲೆಪ್ ಗೆಲುವಿನೊಂದಿಗೆ ಮುಗಿಯಿತು.

ಈ ನಾಲ್ಕೈದು ವರ್ಷಗಳಲ್ಲಿ ಅವರ ಹೊಡೆತಗಳು ಬೇರೆಯಾಗಲಿಲ್ಲ. ಬ್ಯಾಕ್‌ಹ್ಯಾಂಡ್ ಮೊದಲೂ ಚೆನ್ನಾಗಿತ್ತು, ಸರ್ವ್ ಕೊನೆಯವರೆಗೂ ಸಾಧಾರಣವೇ ಆಗಿತ್ತು. ಬದಲಾದದ್ದು, ಆಟ ಕೈಜಾರುವ ಹತ್ತು ನಿಮಿಷಗಳಲ್ಲಿ ಅವರು ತಮ್ಮೊಡನೆ ನಡೆದುಕೊಳ್ಳುತ್ತಿದ್ದ ರೀತಿ. ತಮ್ಮ ಮೇಲೆ ತಾವೇ ಸಿಡಿಮಿಡಿಗೊಳ್ಳುವ ಆ ಗುಣ ಪಂದ್ಯಗಳನ್ನು ಕಸಿಯಿತು. ರೊಮೇನಿಯಾದ ಜನ ಅವರನ್ನು ಮನೆಮಗಳಂತೆ ಹಚ್ಚಿಕೊಂಡದ್ದಕ್ಕೂ ಅದೇ ಗುಣ ಕಾರಣ ಎಂಬುದು ನಮ್ಮ ಅಭಿಪ್ರಾಯ. ಎರಡನ್ನೂ ಒಟ್ಟಿಗೆ ನೋಡದೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಹಿನ್ನೆಲೆ

ಹಾಲೆಪ್ ಹುಟ್ಟಿದ್ದು 1991ರ ಸೆಪ್ಟೆಂಬರ್ 27ರಂದು, ಕಪ್ಪುಸಮುದ್ರದ ಬಂದರು ನಗರ ಕಾನ್‌ಸ್ಟಾಂಟ್ಸಾದಲ್ಲಿ. ತಂದೆ ಸ್ತೆರೆ ಕೆಳಹಂತದ ಕ್ಲಬ್‌ಗಳಲ್ಲಿ ಫುಟ್‌ಬಾಲ್ ಆಡಿದವರು. ಅಣ್ಣ ರ್‍ಯಾಕೆಟ್ ಹಿಡಿದದ್ದನ್ನು ನೋಡಿ ನಾಲ್ಕನೇ ವಯಸ್ಸಿಗೆ ತಂಗಿಯೂ ಹಿಡಿದಳು. ಹದಿನಾರಕ್ಕೆ ತರಬೇತಿಗಾಗಿ ರಾಜಧಾನಿ ಬುಕಾರೆಸ್ಟ್ ಸೇರಿದರು. 2008ರಲ್ಲಿ ಫ್ರೆಂಚ್ ಓಪನ್ ಬಾಲಕಿಯರ ಪ್ರಶಸ್ತಿ ಬಂತು. ಆ ಫೈನಲ್‌ನ ಎದುರಾಳಿ ಎಲೆನಾ ಬೊಗ್ದಾನ್ ಕೂಡ ರೊಮೇನಿಯಾದವರೇ.

ಜೂನಿಯರ್ ಪ್ರಶಸ್ತಿಯಿಂದ ಹಿರಿಯರ ರ್‍ಯಾಂಕಿಂಗ್‌ನ ಮೊದಲ ಹತ್ತಕ್ಕೆ ಬರಲು ಐದೂವರೆ ವರ್ಷ ಹಿಡಿಯಿತು. 2013ರ ಮೇ ತಿಂಗಳಲ್ಲಿ ರೋಮ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು ಸೆಮಿಫೈನಲ್ ತಲುಪಿದ್ದು ತಿರುವು. ಮುಂದಿನ ತಿಂಗಳು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಮೊದಲ ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಘ) ಪ್ರಶಸ್ತಿ, ವರ್ಷ ಮುಗಿಯುವುದರೊಳಗೆ ಒಟ್ಟು ಆರು. 2014ರ ಜನವರಿಯಲ್ಲಿ ಮೊದಲ ಹತ್ತರೊಳಗೆ ಕಾಲಿಟ್ಟವರು 2021ರ ಆಗಸ್ಟ್‌ವರೆಗೆ, ಸತತ 373 ವಾರ, ಅಲ್ಲಿಂದ ಕದಲಲಿಲ್ಲ. ಎರಡು ಗ್ರ್ಯಾಂಡ್‌ಸ್ಲಾಮ್ ಟ್ರೋಫಿಗಳಿಗಿಂತ ಈ 373 ವಾರಗಳೇ ಅವರ ಆಟದ ನಿಜವಾದ ಅಳತೆ. ಆ ಅವಧಿಯಲ್ಲಿ ಗ್ರ್ಯಾಂಡ್‌ಸ್ಲಾಮ್ ಗೆದ್ದು ಮರುವರ್ಷ ಮೊದಲ ಹತ್ತರಿಂದ ಜಾರಿದವರು ಹಲವರಿದ್ದಾರೆ.

ಆಟದ ಕಟ್ಟು, ಅದರೊಳಗಿನ ಬಿರುಕು

ಎತ್ತರ 168 ಸೆಂಟಿಮೀಟರ್. ಈ ಒಂದು ಸಂಖ್ಯೆಯಿಂದ ಉಳಿದದ್ದೆಲ್ಲ ಹೊರಡುತ್ತದೆ. ಸರ್ವ್ ಮಾಡುವಾಗ ಚೆಂಡು ರ್‍ಯಾಕೆಟ್ಟಿಗೆ ತಾಗುವ ಬಿಂದು ಕೆಳಗಿದ್ದಷ್ಟೂ ನೆಟ್ ದಾಟಿಸಿ ಸರ್ವಿಸ್ ಚೌಕದೊಳಗೆ ಬೀಳಿಸಲು ಸಿಗುವ ಕೋನ ಕಿರಿದಾಗುತ್ತದೆ. ಬಲವಾಗಿ ಹೊಡೆದರೆ ಚೆಂಡು ಉದ್ದ ಹೋಗುತ್ತದೆ, ತಗ್ಗಿಸಿದರೆ ನೆಟ್ಟಿಗೆ. ಹಾಗಾಗಿ ಎರಡನೇ ಸರ್ವ್ ಅನಿವಾರ್ಯವಾಗಿ ಮೆತ್ತಗಾಗುತ್ತದೆ, ಎದುರಾಳಿ ಒಂದು ಹೆಜ್ಜೆ ಒಳಗೆ ಬಂದು ಅದನ್ನೇ ಚಚ್ಚುತ್ತಾಳೆ. ಆವೆಮಣ್ಣಿನ ಅಂಕಣದಲ್ಲಿ ಮತ್ತೊಂದು ತೊಂದರೆ ಸೇರುತ್ತದೆ: ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವ ಸುತ್ತು) ಹಾಕಿದ ಚೆಂಡು ಹೆಗಲಿಗಿಂತ ಮೇಲೆ ಪುಟಿಯುತ್ತದೆ.

ಹಾಲೆಪ್ ಕಂಡುಕೊಂಡ ಉತ್ತರ, ಚೆಂಡು ಹೆಗಲಿಗೆ ಏರುವ ಮೊದಲೇ ಅದನ್ನು ಹಿಡಿಯುವುದು. ಬೇಸ್‌ಲೈನಿಗೆ, ಅಂದರೆ ಅಂಕಣದ ಹಿಂದಿನ ಗೆರೆಗೆ, ಅಂಟಿಕೊಂಡು ನಿಂತು, ಪುಟಿದು ಮೇಲೇಳುತ್ತಿರುವಾಗಲೇ ಹೊಡೆದರೆ ಎರಡು ಲಾಭ: ಎತ್ತರದ ಕೊರತೆ ಕಾಡುವುದಿಲ್ಲ, ಎದುರಾಳಿಗೆ ಸಾವರಿಸಿಕೊಳ್ಳಲು ಸಮಯವೂ ಸಿಗುವುದಿಲ್ಲ. ಇದಕ್ಕೆ ಬೇಕಾದದ್ದು ಕಾಲು. ಕೊನೆಯ ಕ್ಷಣದ ಪುಟ್ಟಪುಟ್ಟ ಹೆಜ್ಜೆಗಳು, ಎರಡೂ ಬದಿಗೆ ಜಾರಿ ನಿಲ್ಲುವ ಹಿಡಿತ, ಮೂಲೆಯಿಂದ ನಡುಮಧ್ಯಕ್ಕೆ ಮರಳುವ ವೇಗ. ಸಿಮೆಂಟ್ ಅಂಕಣದಲ್ಲೂ ಅವರು ಆವೆಮಣ್ಣಿನಂತೆಯೇ ಜಾರುತ್ತಿದ್ದರು. ಗೆರೆಗುಂಟ ನೇರ ಹೋಗುವ ಬ್ಯಾಕ್‌ಹ್ಯಾಂಡ್ ಅವರ ಬತ್ತಳಿಕೆಯ ಅತ್ಯುತ್ತಮ ಬಾಣ, ಸರ್ವ್ ರಿಟರ್ನ್ ಅದರ ಜೊತೆಗಾರ.

ಬಿರುಕು ಎಲ್ಲಿ? ಎದುರಾಳಿಯ ಚೆಂಡನ್ನು ಮತ್ತೆ ಮತ್ತೆ ಮರಳಿಸಿ ತಪ್ಪು ಮಾಡಿಸುವ ಆಟದಲ್ಲಿ ಪಂದ್ಯದ ಕೀಲಿಕೈ ಅರ್ಧಪಾಲು ಎದುರಾಳಿಯ ಬಳಿ ಇರುತ್ತದೆ. ಅವಳ ಕೈ ಕೂಡಿಬಂದ ದಿನ ಓಡುವುದೊಂದೇ ಉಳಿಯುತ್ತದೆ.

2017ರ ಜೂನ್ 10ರ ಪ್ಯಾರಿಸ್ ಫೈನಲ್ ಇದರ ಶುದ್ಧ ಉದಾಹರಣೆ. ಒಸ್ಟಾಪೆಂಕೊಗೆ ಆಗಷ್ಟೇ 20 ತುಂಬಿತ್ತು. ರ್‍ಯಾಂಕಿಂಗ್ 47, ಶ್ರೇಯಾಂಕವಿಲ್ಲ. ಹಾಲೆಪ್ 6-4, 3-0 ಮುಂದಿದ್ದರು, 4-0 ಆಗುವ ಅವಕಾಶಗಳೂ ಸಿಕ್ಕವು. ಒಸ್ಟಾಪೆಂಕೊ ಕಣ್ಣುಮುಚ್ಚಿ ಹೊಡೆಯುತ್ತಲೇ ಹೋದರು. ಪಂದ್ಯ ಮುಗಿದಾಗ ಅವರ ಲೆಕ್ಕದಲ್ಲಿ 54 ವಿನ್ನರ್ (ಎದುರಾಳಿ ಮುಟ್ಟಲಾಗದೆ ಪಾಯಿಂಟ್ ತರುವ ಹೊಡೆತ), 54 ಸ್ವಯಂಕೃತ ತಪ್ಪು. ಹಾಲೆಪ್ ಲೆಕ್ಕದಲ್ಲಿ 8 ವಿನ್ನರ್, 10 ತಪ್ಪು. 29 ಗೇಮ್‌ಗಳ ಪಂದ್ಯದಲ್ಲಿ 8 ವಿನ್ನರ್ ಎಂದರೆ ಮೂರೂವರೆ ಗೇಮಿಗೆ ಒಂದೂ ಇಲ್ಲ. ಮೂರನೇ ಸೆಟ್ಟಿನಲ್ಲೂ 3-1 ಮುಂದಿದ್ದು ಮುಂದಿನ ಐದು ಗೇಮ್ ಸತತವಾಗಿ ಬಿಟ್ಟರು. ಹತ್ತೇ ತಪ್ಪು ಮಾಡಿದವರು ಸೋತರು ಎಂದು ಅನೇಕರು ಮರುಗಿದರು. ನಮಗೆ ಕಾಣುವಂತೆ ಆ ಹತ್ತೇ ರೋಗಲಕ್ಷಣ. ಫೈನಲ್‌ನಲ್ಲಿ ಅಷ್ಟು ಕಡಿಮೆ ತಪ್ಪು ಮಾಡುವವರು ಅಷ್ಟೇ ಕಡಿಮೆ ಸಾಹಸ ಮಾಡಿರುತ್ತಾರೆ.

ಆ ಪಂದ್ಯದ ಮೇಲೆ ಇನ್ನೊಂದು ಹೊರೆಯೂ ಇತ್ತು. ಆಗಿನ ಲೆಕ್ಕದಲ್ಲಿ ಗ್ರ್ಯಾಂಡ್‌ಸ್ಲಾಮ್ ಚಾಂಪಿಯನ್‌ಗೆ 2000 ಅಂಕ, ರನ್ನರ್ ಅಪ್‌ಗೆ 1300. ಗೆದ್ದಿದ್ದರೆ ಹಾಲೆಪ್ ವಿಶ್ವದ ನಂ. 1 ಆಗುತ್ತಿದ್ದರು. ಒಂದು ತಿಂಗಳಾದ ಮೇಲೆ ವಿಂಬಲ್ಡನ್ ಕ್ವಾರ್ಟರ್‌ಫೈನಲ್‌ನಲ್ಲಿ ಜೊಹಾನಾ ಕೊಂಟಾ ಎದುರು ಗೆದ್ದಿದ್ದರೂ ಅಗ್ರಪಟ್ಟ ಸಿಗುತ್ತಿತ್ತು. ಅದೂ ಮೂರು ಸೆಟ್‌ಗಳಲ್ಲಿ ಹೋಯಿತು. ಆಗಸ್ಟ್‌ನಲ್ಲಿ ಸಿನ್ಸಿನಾಟಿ ಫೈನಲ್‌ನಲ್ಲಿ ಮತ್ತದೇ ಅವಕಾಶ, ಗಾರ್ಬಿನ್ ಮುಗುರುಜಾ ಎದುರು 1-6, 0-6. ಒಂದೇ ಬೇಸಿಗೆಯಲ್ಲಿ ಮೂರು ಸಲ ಬಾಗಿಲ ತನಕ ಹೋಗಿ ಮರಳುವುದು ಯಾವ ಆಟಗಾರ್ತಿಯ ಮನಸ್ಸಿಗೂ ಹಗುರವಲ್ಲ.

ಮಯಾಮಿಯಲ್ಲಿ ಆದದ್ದು

ದುರಸ್ತಿ ಶುರುವಾದದ್ದು ಪ್ಯಾರಿಸ್‌ಗೂ ಮೊದಲು, 2017ರ ಮಾರ್ಚ್‌ನ ಮಯಾಮಿ ಟೂರ್ನಿಯಲ್ಲಿ. ಆಗ ಕೋಚ್ ಆಸ್ಟ್ರೇಲಿಯಾದ ಡ್ಯಾರೆನ್ ಕಾಹಿಲ್, ಆಂಡ್ರೆ ಅಗಾಸ್ಸಿ ಮತ್ತು ಲೇಟನ್ ಹ್ಯುವಿಟ್‌ರಂಥವರನ್ನು ಪಳಗಿಸಿದ ಅನುಭವಿ. ಡಬ್ಲ್ಯುಟಿಎ ಟೂರ್ನಿಗಳಲ್ಲಿ ಒಂದು ಸೆಟ್ಟಿಗೆ ಒಂದು ಸಲ ಕೋಚನ್ನು ಅಂಕಣಕ್ಕೆ ಕರೆಯಲು ಆಗ ಅನುಮತಿ ಇತ್ತು. ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಇರಲಿಲ್ಲ. ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಪ್ರತಿ ವಾರ ಕೋಚಿನೆದುರು ಗೋಳು ತೋಡಿಕೊಂಡು ಹಗುರಾಗುವ ರೂಢಿ ಬಿದ್ದವರು, ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಬ್ಬಂಟಿಯಾಗುತ್ತಾರೆ.

ಮಯಾಮಿ ಕ್ವಾರ್ಟರ್‌ಫೈನಲ್‌ನಲ್ಲಿ ಕೊಂಟಾ ಎದುರು ಮೊದಲ ಸೆಟ್ ಗೆದ್ದಿದ್ದ ಹಾಲೆಪ್, ಎರಡನೆಯದನ್ನು ಟೈಬ್ರೇಕರ್‌ನಲ್ಲಿ ಬಿಟ್ಟು ಮೂರನೆಯದರಲ್ಲಿ ಕುಸಿದರು. ಕಾಹಿಲ್ ಅಂಕಣಕ್ಕೆ ಬಂದಾಗ ತಂತ್ರದ ಮಾತಿಗೆ ಕಿವಿಗೊಡದೆ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು. ಪಂದ್ಯದ ನಂತರ ಕಾಹಿಲ್ ಜೊತೆ ಬಿಟ್ಟರು. ಅಂಕಣದ ವರ್ತನೆಯೇ ಕಾರಣ ಎಂಬುದನ್ನು ಹಾಲೆಪ್ ಮುಂದೆ ಬಹಿರಂಗವಾಗಿ ಹೇಳಿದರು, ತಮಗಾದ ಅತ್ಯಂತ ಒಳ್ಳೆಯ ಕೆಲಸ ಅದು ಎಂದೂ ಒಪ್ಪಿದರು. ಅಗ್ರಶ್ರೇಣಿಯ ಆಟಗಾರ್ತಿಯೇ ಸಂಬಳ ಕೊಡುವವಳು. ಅಂಥವಳನ್ನು ಬಿಟ್ಟುಹೋಗುವ ಕೋಚ್ ಅಪರೂಪ, ಬಿಟ್ಟುಹೋದದ್ದಕ್ಕೆ ಕೃತಜ್ಞಳಾಗುವ ಆಟಗಾರ್ತಿ ಇನ್ನೂ ಅಪರೂಪ.

ಮುಂದಿನ ವಾರಗಳಲ್ಲಿ ಹಾಲೆಪ್ ಕ್ರೀಡಾ ಮನೋವಿಜ್ಞಾನಿಯ ನೆರವು ಪಡೆದರು. ಮಾಡಬೇಕಿದ್ದ ಕೆಲಸ ಸಣ್ಣದು, ಆದರೆ ಪ್ರತಿ ಪಾಯಿಂಟಿನ ಬಳಿಕವೂ ಮಾಡಬೇಕಾದದ್ದು: ತಪ್ಪಾದೊಡನೆ ತಂಡ ಕೂತ ಕಡೆ ಕೈಚೆಲ್ಲಿ ನೋಡದಿರುವುದು, ತೊಡೆಗೆ ರ್‍ಯಾಕೆಟ್ ಬಡಿಯದಿರುವುದು, ಮುಂದಿನ ಪಾಯಿಂಟಿಗೆ ಹೊರಳುವುದು. ಬದಲಾವಣೆ ಕಂಡ ಮೇಲೆ ಕಾಹಿಲ್ ಮರಳಿದರು. ಮೇ ತಿಂಗಳಲ್ಲಿ ಮ್ಯಾಡ್ರಿಡ್ ಪ್ರಶಸ್ತಿ ಉಳಿಸಿಕೊಂಡರು. ಪ್ಯಾರಿಸ್ ಕ್ವಾರ್ಟರ್‌ಫೈನಲ್‌ನಲ್ಲಿ ಎಲಿನಾ ಸ್ವಿಟೋಲಿನಾ ಎದುರು 3-6, 1-5 ಹಿಂದಿದ್ದು, ಮ್ಯಾಚ್ ಪಾಯಿಂಟ್ (ಇನ್ನೊಂದು ಪಾಯಿಂಟ್ ಹೋದರೆ ಸೋಲು ಎಂಬ ಸ್ಥಿತಿ) ಉಳಿಸಿಕೊಂಡು, 3-6, 7-6, 6-0 ಗೆದ್ದರು. ಹಳೆಯ ಹಾಲೆಪ್ ಅಲ್ಲೇ ಮನೆಗೆ ಹೋಗಿರುತ್ತಿದ್ದರು.

ಆದರೂ ಒಸ್ಟಾಪೆಂಕೊ ಎದುರು ಸೋತರಲ್ಲ? ಹೌದು. ಹಿಂದೆ ಬಿದ್ದಾಗ ಹೋರಾಡುವುದನ್ನು ಕಲಿತಿದ್ದರು, ಮುಂದಿದ್ದಾಗ ಧೈರ್ಯವಾಗಿ ಹೊಡೆಯುವುದು ಇನ್ನೂ ಬಾಕಿ ಇತ್ತು. ಇವೆರಡೂ ಬೇರೆ ಬೇರೆ ಪಾಠಗಳು. ಎರಡನೆಯದು ಕೂಡಿಬಂದದ್ದು ಅಕ್ಟೋಬರ್‌ನಲ್ಲಿ, ಬೀಜಿಂಗ್‌ನಲ್ಲಿ. ಸೆಮಿಫೈನಲ್‌ನಲ್ಲಿ ಅದೇ ಒಸ್ಟಾಪೆಂಕೊರನ್ನು 6-2, 6-4ರಿಂದ ಸೋಲಿಸಿ ಅಗ್ರಪಟ್ಟ ಖಚಿತಪಡಿಸಿಕೊಂಡರು. 2017ರ ಅಕ್ಟೋಬರ್ 9ರಂದು ನಂ. 1 ಸ್ಥಾನಕ್ಕೇರಿದ ರೊಮೇನಿಯಾದ ಮೊದಲ ಮಹಿಳೆಯಾದರು. ಪುರುಷರಲ್ಲಿ ಇಲಿಯೆ ನಸ್ತಾಸೆ 1973ರಲ್ಲೇ, ಎಟಿಪಿ ರ್‍ಯಾಂಕಿಂಗ್ ಶುರುವಾದಾಗಲೇ, ಆ ಸ್ಥಾನದಲ್ಲಿದ್ದರು.

ಮೆಲ್ಬರ್ನ್‌ನ ಕೆಂಪು ಉಡುಗೆ

2018ರ ಆಸ್ಟ್ರೇಲಿಯನ್ ಓಪನ್‌ಗೆ ವಿಶ್ವದ ನಂ. 1 ಆಟಗಾರ್ತಿ ಬಂದದ್ದು ಯಾವ ಕಂಪನಿಯ ಗುರುತೂ ಇಲ್ಲದ ಕೆಂಪು ಉಡುಗೆಯಲ್ಲಿ. ಅಡಿಡಾಸ್ ಒಪ್ಪಂದ 2017ರ ಕೊನೆಗೆ ಮುಗಿದಿತ್ತು, ಹೊಸದು ಕೂಡಿಬಂದಿರಲಿಲ್ಲ. ಇಂಟರ್‌ನೆಟ್‌ನಲ್ಲಿ ಹುಡುಕಿ ಚೀನಾದಲ್ಲಿ ಹೊಲಿಸಿದ ಉಡುಗೆ ಅದು. ನೈಕಿ ಒಪ್ಪಂದ ಆದದ್ದು ಆಮೇಲೆ. ಕ್ರೀಡಾ ಮಾರುಕಟ್ಟೆ ಅವರನ್ನು ಎಷ್ಟು ಕಡಿಮೆಗೆ ಅಳೆದಿತ್ತು ಎಂಬುದಕ್ಕೆ ಆ ಎರಡು ವಾರಗಳೇ ಸಾಕ್ಷಿ.

ಮೊದಲ ಸುತ್ತಿನಲ್ಲೇ ಕಾಲಿನ ಗೆಣ್ಣು ಉಳುಕಿತು. ಮೂರನೇ ಸುತ್ತಿನಲ್ಲಿ ಲಾರೆನ್ ಡೇವಿಸ್ ಎದುರು 4-6, 6-4, 15-13. ಒಟ್ಟು 48 ಗೇಮ್, 3 ಗಂಟೆ 44 ನಿಮಿಷ, ಉಳಿಸಿದ ಮ್ಯಾಚ್ ಪಾಯಿಂಟ್ ಮೂರು. ಸೆಮಿಫೈನಲ್‌ನಲ್ಲಿ ಏಂಜೆಲಿಕ್ ಕೆರ್ಬರ್ ಎದುರು 6-3, 4-6, 9-7, ಅಲ್ಲೂ ಎರಡು ಮ್ಯಾಚ್ ಪಾಯಿಂಟ್ ಉಳಿಸಿದರು. ಫೈನಲ್‌ನಲ್ಲಿ ವೋಜ್ನಿಯಾಕಿ ಎದುರು 2 ಗಂಟೆ 49 ನಿಮಿಷ ಹೋರಾಡಿ ಸೋತು, ದೇಹದ ನೀರಿನಂಶ ಬತ್ತಿ ಆಸ್ಪತ್ರೆ ಸೇರಿದರು. ಹಿಂದಿನ ಎರಡು ಸೋಲಿಗಿಂತ ಇದು ಬೇರೆ ಜಾತಿಯದು. ಇಲ್ಲಿ ಸೋತದ್ದು ದೇಹ. ಇದರ ನಂತರ ತಾಳ್ಮೆಯ ಪ್ರಶ್ನೆ ಯಾರೂ ಎತ್ತಲಿಲ್ಲ.

2018ರ ಜೂನ್ 9

ಫ್ರೆಂಚ್ ಓಪನ್ ಫೈನಲ್, ಎದುರಾಳಿ ಸ್ಲೋನ್ ಸ್ಟೀಫನ್ಸ್. ಹಾಲೆಪ್‌ಗಿಂತ ಸಲೀಸಾಗಿ ಓಡಬಲ್ಲ, ಹಾಲೆಪ್‌ಗಿಂತ ಬಲವಾಗಿ ಹೊಡೆಯಬಲ್ಲ ಆಟಗಾರ್ತಿ. ಮೊದಲ ಸೆಟ್ 3-6. ಎರಡನೆಯದರಲ್ಲಿ 0-2.

ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಓಡಿದ್ದನ್ನು ಹಾಲೆಪ್ ಪಂದ್ಯದ ಬಳಿಕ ವಿವರಿಸಿದ್ದಾರೆ. ಎಲ್ಲ ಹೋಯಿತು, ಇನ್ನು ಬಿಗಿ ಸಡಿಲಿಸಿ ಆಡೋಣ ಅಂದುಕೊಂಡರಂತೆ. ಜೊತೆಗೆ ಹೋದ ವರ್ಷ ಒಂದು ಸೆಟ್ ಗೆದ್ದು ಮುಂದಿದ್ದೂ ತಾವು ಸೋತದ್ದು ನೆನಪಾಯಿತಂತೆ. ತನಗೆ ಆದದ್ದು ಎದುರಾಳಿಗೂ ಆಗಬಹುದಲ್ಲ! ಈ ಪ್ರಕರಣದ ತಿರುಳು ಇಲ್ಲಿದೆ. ಹಳೆಯ ಗಾಯ ಅವರ ಕೈಗೆ ಒಂದು ಲೆಕ್ಕಾಚಾರವಾಗಿ ಬಂತು.

ಮುಂದಿನ ನಾಲ್ಕು ಗೇಮ್ ಸತತವಾಗಿ ಗೆದ್ದರು. ಸ್ಟೀಫನ್ಸ್ 4-4ಕ್ಕೆ ತಂದರೂ ಸೆಟ್ 6-4ರಿಂದ ಹಾಲೆಪ್ ಪಾಲಾಯಿತು. ಮೂರನೇ ಸೆಟ್ಟಿನಲ್ಲಿ 5-0 ಆದ ಮೇಲೆ ಉಳಿದದ್ದು ಔಪಚಾರಿಕ. ಅಂತಿಮ ಅಂಕ 3-6, 6-4, 6-1. ರೊಮೇನಿಯಾದ ಮಹಿಳೆಯೊಬ್ಬರು ಅದಕ್ಕೆ ಮೊದಲು ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದದ್ದು 1978ರಲ್ಲಿ, ಇದೇ ಪ್ಯಾರಿಸ್‌ನಲ್ಲಿ, ವರ್ಜಿನಿಯಾ ರುಜಿಚ್. ನಲವತ್ತು ವರ್ಷಗಳ ನಂತರ ಟ್ರೋಫಿ ಎತ್ತಿದ ಹುಡುಗಿಯ ಮ್ಯಾನೇಜರ್ ಕೂಡ ಅದೇ ರುಜಿಚ್.

ವಿಂಬಲ್ಡನ್ 2019ರ ಫೈನಲ್ ಬಗ್ಗೆ ಹೆಚ್ಚು ಹೇಳುವಂತಿಲ್ಲ, ಅಷ್ಟು ಏಕಪಕ್ಷೀಯ. 24ನೇ ಗ್ರ್ಯಾಂಡ್‌ಸ್ಲಾಮ್ ಹುಡುಕುತ್ತಿದ್ದ ಸೆರೆನಾ ಎದುರು 6-2, 6-2. ಇಡೀ ಪಂದ್ಯದಲ್ಲಿ ಹಾಲೆಪ್ ಮಾಡಿದ ಸ್ವಯಂಕೃತ ತಪ್ಪು ಮೂರೇ ಮೂರು. ಹತ್ತು ತಪ್ಪಿನ 2017ರ ಫೈನಲ್ ಜೊತೆ ಇದನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಇಲ್ಲಿ ತಪ್ಪು ಕಡಿಮೆಯಾದದ್ದು ಅಂಜಿಕೆಯಿಂದಲ್ಲ. ಮೊದಲ ಗೇಮಿನಿಂದಲೇ ಚೆಂಡಿನ ಉದ್ದ ಬೇಸ್‌ಲೈನಿನ ಹತ್ತಿರ ಇತ್ತು, ದಿಕ್ಕು ಬದಲಿಸುವ ಹೊಡೆತಗಳು ಮುಂಚೆಯೇ ಬಂದವು, ಸೆರೆನಾ ಓಡುವಂತಾಯಿತು. ಆಗ ಕೋಚ್ ಸ್ಥಾನದಲ್ಲಿದ್ದವರು ರೊಮೇನಿಯಾದ ಡೇನಿಯಲ್ ಡೋಬ್ರೆ. 2018ರ ಕೊನೆಗೆ ಕಾಹಿಲ್ ಕುಟುಂಬಕ್ಕಾಗಿ ಬಿಡುವು ತೆಗೆದುಕೊಂಡಿದ್ದರು. ಕಲಿತದ್ದು ಕೋಚಿನೊಂದಿಗೆ ಹೊರಟುಹೋಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ನಸ್ತಾಸೆ 1972 ಮತ್ತು 1976ರ ವಿಂಬಲ್ಡನ್ ಫೈನಲ್‌ಗಳಲ್ಲಿ ಸೋತಿದ್ದರು. ಆ ಹುಲ್ಲಿನಂಕಣದ ಸಿಂಗಲ್ಸ್ ಟ್ರೋಫಿ ರೊಮೇನಿಯಾಕ್ಕೆ ಬಂದದ್ದು ಅದೇ ಮೊದಲು.

ಜನ ಯಾಕೆ ಹಚ್ಚಿಕೊಂಡರು

ಡಬ್ಲ್ಯುಟಿಎ ಅಭಿಮಾನಿಗಳ ಮತದಿಂದ ಹಾಲೆಪ್ 2014, 2015ರಲ್ಲಿ ಅತ್ಯಂತ ಜನಪ್ರಿಯ ಆಟಗಾರ್ತಿಯಾದರು. 2017, 2018, 2019ರಲ್ಲಿ ಅಭಿಮಾನಿಗಳ ಮೆಚ್ಚಿನ ಸಿಂಗಲ್ಸ್ ಆಟಗಾರ್ತಿಯೂ ಅವರೇ. ಈ ಐದರಲ್ಲಿ ಮೂರು, ಗ್ರ್ಯಾಂಡ್‌ಸ್ಲಾಮ್ ಗೆಲ್ಲದ ವರ್ಷಗಳವು. ಗೆಲುವು ಜನಪ್ರಿಯತೆ ತಂದಿತು ಎಂಬ ಸರಳ ವಿವರಣೆ ಇಲ್ಲಿ ನಿಲ್ಲುವುದಿಲ್ಲ.

ಮೊದಲ ಕಾರಣ ವಲಸೆ. ಸ್ಪೇನ್, ಇಟಲಿ, ಫ್ರಾನ್ಸ್, ಬ್ರಿಟನ್‌ಗಳಲ್ಲಿ ದುಡಿಯಲು ಹೋದ ರೊಮೇನಿಯನ್ನರ ಸಂಖ್ಯೆ ದೊಡ್ಡದು. ಆವೆಮಣ್ಣಿನ ಋತು ಸಾಗುವುದು ಮ್ಯಾಡ್ರಿಡ್, ರೋಮ್, ಪ್ಯಾರಿಸ್ ದಾರಿಯಲ್ಲೇ. ಎಲ್ಲಿ ಹೋದರೂ ನೀಲಿ-ಹಳದಿ-ಕೆಂಪು ಬಾವುಟಗಳು, ‘ಸಿಮೋನಾ, ಸಿಮೋನಾ’ ಎಂಬ ಕೂಗು. ಪರದೇಶದಲ್ಲಿ ಕಟ್ಟಡ ಕೆಲಸ, ಮನೆಗೆಲಸ ಮಾಡಿಕೊಂಡಿದ್ದವರಿಗೆ ತಮ್ಮ ದೇಶದ ಹೆಸರನ್ನು ತಲೆಯೆತ್ತಿ ಕೂಗಲು ಒಂದು ಮಧ್ಯಾಹ್ನ ಸಿಗುತ್ತಿತ್ತು. ಮ್ಯಾಡ್ರಿಡ್ ಟೂರ್ನಿಯ ಒಡೆತನವೂ ಬಹುಕಾಲ ರೊಮೇನಿಯಾದ ಇಯಾನ್ ತಿರಿಯಾಕ್ ಅವರದ್ದೇ ಆಗಿತ್ತು. (ಕೊಡಗಿನ ರೋಹನ್ ಬೋಪಣ್ಣ 2015ರಲ್ಲಿ ಅಲ್ಲಿ ಡಬಲ್ಸ್ ಗೆದ್ದದ್ದು ರೊಮೇನಿಯಾದ ಫ್ಲೋರಿನ್ ಮೆರ್ಜಿಯಾ ಜೊತೆಗೂಡಿ ಎಂಬುದು ನಮ್ಮವರಿಗೆ ನೆನಪಿರಬಹುದು.)

ಎರಡನೆಯದು ಮುಖ. ಹಾಲೆಪ್ ಅಂಕಣದಲ್ಲಿ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಸಿಟ್ಟು, ಭಯ, ಹತಾಶೆ ಎಲ್ಲ ಮುಖದಲ್ಲೇ ಬರೆದಿರುತ್ತಿತ್ತು. ನಸ್ತಾಸೆಯ ಪೀಳಿಗೆ ರೊಮೇನಿಯಾಕ್ಕೆ ಕೊಟ್ಟದ್ದು ಚಮತ್ಕಾರ, ತುಂಟತನ, ಪುಂಡಾಟ. ಹಾಲೆಪ್ ಬಳಿ ಇದ್ದದ್ದು ಕಷ್ಟಪಟ್ಟು ಓಡುವ ಎರಡು ಕಾಲು, ಸೋತು ಅತ್ತು ಮತ್ತೆ ಬರುವ ಹಟ. ನಾಲ್ಕು ವರ್ಷ ಮೂರು ಫೈನಲ್ ಸೋಲನ್ನು ಜನ ಅವರೊಂದಿಗೇ ಉಂಡರು. 2018ರಲ್ಲೂ 2019ರಲ್ಲೂ ಟ್ರೋಫಿ ಹಿಡಿದು ಬುಕಾರೆಸ್ಟ್‌ನ ರಾಷ್ಟ್ರೀಯ ಕ್ರೀಡಾಂಗಣಕ್ಕೆ ಬಂದಾಗ ಸಾವಿರಾರು ಜನ ನೆರೆದದ್ದು, ಅದರಲ್ಲಿ ತಮ್ಮ ಪಾಲೂ ಇದೆ ಎಂದು ಅನ್ನಿಸಿದ್ದರಿಂದ.

2022ರ ಆಗಸ್ಟ್ 29ರ ಮಾದರಿ

ಯುಎಸ್ ಓಪನ್ ಮೊದಲ ಸುತ್ತಿನಲ್ಲಿ ಸೋತ ದಿನ ಹಾಲೆಪ್ ಕೊಟ್ಟ ಮೂತ್ರದ ಮಾದರಿಯಲ್ಲಿ ರೊಕ್ಸಾಡುಸ್ಟಾಟ್ ಪತ್ತೆಯಾಯಿತು. ಮೂತ್ರಪಿಂಡದ ಕಾಯಿಲೆಯಿಂದ ಬರುವ ರಕ್ತಹೀನತೆಗೆ ಕೊಡುವ ಔಷಧಿ ಇದು. ದೇಹ ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ತಯಾರಿಸುವಂತೆ ಮಾಡಿ ಕೆಂಪು ರಕ್ತಕಣ ಹೆಚ್ಚಿಸುತ್ತದೆ, ಆದ್ದರಿಂದಲೇ ನಿಷೇಧಿತ. ಅಕ್ಟೋಬರ್ 7ರಂದು ತಾತ್ಕಾಲಿಕ ಅಮಾನತು. 2023ರ ಮೇ ತಿಂಗಳಲ್ಲಿ ರಕ್ತದ ಜೈವಿಕ ಪಾಸ್‌ಪೋರ್ಟ್‌ನಲ್ಲಿ (ಆಟಗಾರರ ರಕ್ತಪರೀಕ್ಷೆಗಳ ದೀರ್ಘಕಾಲದ ದಾಖಲೆ) ಅಸಹಜತೆ ಇದೆ ಎಂಬ ಎರಡನೇ ಆರೋಪ. ಸೆಪ್ಟೆಂಬರ್ 12ರಂದು ನ್ಯಾಯಮಂಡಳಿ ನಾಲ್ಕು ವರ್ಷ ನಿಷೇಧ ಹೇರಿತು.

ಉದ್ದೀಪನ ನಿಯಮದ ಮೂಲಸೂತ್ರ ಕಠಿಣ: ದೇಹದಲ್ಲಿ ವಸ್ತು ಸಿಕ್ಕರೆ ಹೊಣೆ ಕ್ರೀಡಾಪಟುವಿನದು. ಅದು ಹೇಗೆ ಒಳಬಂತು ಎಂದು ಅವರೇ ತೋರಿಸಬೇಕು. ಹಾಲೆಪ್ ವಾದ, ಟೂರ್ನಿಗೆ ಮುನ್ನ ಸೇವಿಸಿದ ಕೀಟೋ ಎಂಸಿಟಿ ಎಂಬ ಪೂರಕ ಪುಡಿ ಕಲಬೆರಕೆಯಾಗಿತ್ತು ಎಂಬುದು. ಆಗಿನ ಕೋಚ್ ಪ್ಯಾಟ್ರಿಕ್ ಮೊರಟೊಗ್ಲು, ಆ ಪುಡಿಯನ್ನು ತಂದದ್ದು ತಮ್ಮ ತಂಡ ಎಂದು ಬಹಿರಂಗವಾಗಿ ಹೊಣೆ ಹೊತ್ತರು. ಕೆಳ ಮಂಡಳಿ ಕಲಬೆರಕೆಯನ್ನು ಒಪ್ಪಿತ್ತು, ಆದರೆ ಅಷ್ಟು ಪುಡಿಯಿಂದ ಮೂತ್ರದಲ್ಲಿ ಇಷ್ಟು ಸಾಂದ್ರತೆ ಬರಲಾರದು ಎಂದಿತು. ಸ್ವಿಟ್ಜರ್ಲೆಂಡ್‌ನ ಲೂಸಾನ್‌ನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2024ರ ಮಾರ್ಚ್ 5ರಂದು ಇದನ್ನು ತಿರುಗಿಸಿತು. ಪುಡಿಯಿಂದಲೇ ಬಂದಿರುವ ಸಂಭವ ಹೆಚ್ಚು, ಉದ್ದೇಶ ಇರಲಿಲ್ಲ, ದೊಡ್ಡ ನಿರ್ಲಕ್ಷ್ಯವೂ ಇಲ್ಲ, ಆದರೆ ಎಚ್ಚರಿಕೆ ಸಾಲದು ಎಂದು ಹೇಳಿತು. ಪಾಸ್‌ಪೋರ್ಟ್ ಆರೋಪ ಬಿದ್ದುಹೋಯಿತು. ಶಿಕ್ಷೆ ಒಂಬತ್ತು ತಿಂಗಳು, 2022ರ ಅಕ್ಟೋಬರ್ 7ರಿಂದ 2023ರ ಜುಲೈ 6ರವರೆಗೆ.

ಈ ತಾರೀಖುಗಳನ್ನು ಕೂಡಿ ನೋಡಿ. ಒಂಬತ್ತು ತಿಂಗಳ ಶಿಕ್ಷೆಗೆ ಹದಿನೇಳು ತಿಂಗಳು ಹೊರಗಿದ್ದರು. ತೀರ್ಪು ಬರುವ ಹೊತ್ತಿಗೆ ಶಿಕ್ಷೆ ಮುಗಿದು ಎಂಟು ತಿಂಗಳಾಗಿತ್ತು. ಮೂವತ್ತೊಂದು ದಾಟಿದ, ಕಾಲನ್ನೇ ನಂಬಿದ ಆಟಗಾರ್ತಿಗೆ ಆ ಎಂಟು ತಿಂಗಳನ್ನು ಯಾರೂ ಮರಳಿಸಲಾರರು. ಇದು ಅನ್ಯಾಯ ಎಂದೇ ನಾವು ಎಣಿಸುತ್ತೇವೆ. ಆಟಗಾರರು ಇಲ್ಲಿಂದ ತೆಗೆದುಕೊಳ್ಳಬೇಕಾದ ಎಚ್ಚರವೂ ಇದೆ: ಪೂರಕ ಪುಡಿ ಬಳಸಲೇಬೇಕೆಂದರೆ ಬ್ಯಾಚ್ ಬ್ಯಾಚಾಗಿ ಪರೀಕ್ಷೆಗೊಳಪಟ್ಟು ಪ್ರಮಾಣಪತ್ರ ಪಡೆದದ್ದನ್ನೇ ಕೊಳ್ಳುವುದು, ಅದೇ ಬ್ಯಾಚಿನ ಒಂದು ಡಬ್ಬಿಯನ್ನು ಸೀಲು ಒಡೆಯದೆ ಎತ್ತಿಡುವುದು, ಯಾವ ದಿನ ಎಷ್ಟು ಗ್ರಾಂ ಎಂದು ಬರೆದಿಡುವುದು. ಸಾಂದ್ರತೆಯ ವಾದ ನಿಲ್ಲುವುದು ಬೀಳುವುದು ಈ ಕೊನೆಯ ಲೆಕ್ಕದ ಮೇಲೆ.

ತೀರ್ಪಾದ ಎರಡು ವಾರಕ್ಕೆ ಮಯಾಮಿಯಲ್ಲಿ ವೈಲ್ಡ್‌ಕಾರ್ಡ್ (ಆಯೋಜಕರು ಕೊಡುವ ವಿಶೇಷ ಪ್ರವೇಶ) ಸಿಕ್ಕಿತು. ಪೌಲಾ ಬಡೋಸಾ ಎದುರು ಮೊದಲ ಸೆಟ್ಟನ್ನು 6-1ರಿಂದ ಗೆದ್ದು, ಉಳಿದೆರಡನ್ನು 4-6, 3-6ರಿಂದ ಬಿಟ್ಟರು. ಕೈ ಹಾಗೇ ಇತ್ತು. ಮೊಣಕಾಲು ಮತ್ತು ಭುಜ ಒಪ್ಪಲಿಲ್ಲ. ಅಲ್ಲಿಂದಾಚೆ ಬೆರಳೆಣಿಕೆಯ ಪಂದ್ಯಗಳು.

2025ರ ಫೆಬ್ರವರಿ 4ರಂದು ಕ್ಲುಜ್ ನಗರದ ಟ್ರಾನ್ಸಿಲ್ವೇನಿಯಾ ಓಪನ್‌ನಲ್ಲಿ ಲೂಸಿಯಾ ಬ್ರೊಂಜೆಟ್ಟಿ ಎದುರು 1-6, 1-6. ಪಂದ್ಯ ಮುಗಿದೊಡನೆ ಹಾಲೆಪ್ ಮೈಕ್ ಹಿಡಿದು ರೊಮೇನಿಯನ್ ಭಾಷೆಯಲ್ಲೇ ನಿವೃತ್ತಿ ಹೇಳಿದರು: ಇದು ದುಃಖವೋ ಸಂತೋಷವೋ ಗೊತ್ತಿಲ್ಲ, ಎರಡೂ ಇರಬಹುದು, ಆದರೆ ಮನಸ್ಸು ಶಾಂತವಾಗಿದೆ ಎಂದು. ಆಗ ಅವರ ಹೆಸರಿನಲ್ಲಿ 24 ಸಿಂಗಲ್ಸ್ ಪ್ರಶಸ್ತಿ, ಅಗ್ರಪಟ್ಟದಲ್ಲಿ 64 ವಾರ ಇದ್ದವು. ಕ್ಲುಜ್‌ನ ಜನ ಎದ್ದು ನಿಂತು ಅದೇ ಹೆಸರನ್ನು ಕೂಗುತ್ತಿದ್ದರು.